ಒಂದು ಮರದ ಪಟ್ಟಿ, ಒಂದು ಅಳತೆ ಟೇಪು, ತಲೆಯ ಮೇಲೊಂದು ಉಪಗ್ರಹ

1975ರ ಆಗಸ್ಟ್ 1ರಂದು ಆಗಿನ ಗುಲ್ಬರ್ಗಾ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಜನ ಒಂದು ಜಾಲರಿ ಬುಟ್ಟಿಯ ಬಳಿ ನೆರೆದರು. ಕೋಳಿಗೂಡಿಗೆ ಬಿಗಿಯುವಂಥ ತಂತಿ ಜಾಲರಿಯನ್ನು ಹತ್ತು ಅಡಿ ಅಗಲದ ಬೋಗುಣಿಯಂತೆ ಬಗ್ಗಿಸಿ ಆಕಾಶದ ಕಡೆ ತಿರುಗಿಸಿದ್ದರು. 36 ಸಾವಿರ ಕಿಲೋಮೀಟರ್ ಎತ್ತರದಲ್ಲಿದ್ದ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಟಿವಿ ಚಿತ್ರ ನೇರವಾಗಿ ಅದರೊಳಗೆ ಇಳಿಯಿತು. ಇದೇ ಸೈಟ್ ಪ್ರಯೋಗ. ಒಂದು ವರ್ಷ ನಡೆದ ಈ ಪ್ರಯೋಗಕ್ಕೆ ದೇಶದ ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದವು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳು ಆಗ ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಸೀಮೆಯ ಜನ ಉಪಗ್ರಹದ ಚಿತ್ರ ನೋಡಿದ್ದರು.

ಆದರೆ ಆ ಬುಟ್ಟಿ ಕೇಳಿಸಿಕೊಳ್ಳುತ್ತಿತ್ತೇ ಹೊರತು ಮಾತಾಡುತ್ತಿರಲಿಲ್ಲ. ಇವತ್ತು ನಾರಾಯಣಪುರದ ಒಬ್ಬ ಹುಡುಗಿ ಹೊಲದ ಬದುವಿನ ಮೇಲೆ ನಿಂತು, ತಾನೇ ಮಾಡಿದ ಆಂಟೆನಾ ಹಿಡಿದು ಉಪಗ್ರಹದ ಮೂಲಕ ಶ್ರೀಲಂಕಾದವರನ್ನೋ ಥಾಯ್ಲೆಂಡಿನವರನ್ನೋ ಮಾತಾಡಿಸಬಹುದು. ಬೇಕಾದ ಸಾಮಾನಿನಲ್ಲಿ ಬಹುಪಾಲು ಹುಣಸಗಿಯಲ್ಲೋ ಸುರಪುರದಲ್ಲೋ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, ದುಡ್ಡು ಕೊಟ್ಟರೂ ಸಿಗದ ಒಂದು ವಸ್ತು ಮಾತ್ರ ನಮ್ಮಲ್ಲಿ ಪುಕ್ಕಟೆಯಾಗಿದೆ. ಅದು ಬಯಲು. ಎತ್ತರದ ಕಟ್ಟಡವಿಲ್ಲ, ಕಟ್ಟಡ ಕಟ್ಟಡಕ್ಕೂ ಗುಂಯ್‌ಗುಡುವ ವಿದ್ಯುತ್ ಗದ್ದಲವಿಲ್ಲ. ಪಡುವಣಕ್ಕೆ ಬಸವಸಾಗರ ಅಣೆಕಟ್ಟೆಯ ಹಿನ್ನೀರು, ಮೂಡಣಕ್ಕೆ ಕಾಲುವೆ ನೀರು ಕುಡಿದ ಭತ್ತದ ಗದ್ದೆ, ಅದರಾಚೆ ಹತ್ತಿ, ತೊಗರಿ. ಉಪಗ್ರಹದ ಮಾತುಕತೆಗೆ ಇದಕ್ಕಿಂತ ಒಳ್ಳೆಯ ನೆಲ ನನಗೆ ಗೊತ್ತಿಲ್ಲ. ಅದಕ್ಕೇ ಈ ಬರಹ.

ಹ್ಯಾಮ್‌ಗಳಿಗೊಂದು ಉಪಗ್ರಹ

ಹವ್ಯಾಸಿ ರೇಡಿಯೊದವರು ಉಪಗ್ರಹ ಹಾರಿಸಿದ್ದು ಬಹಳ ಹಿಂದೆ. ಮೊದಲನೆಯದಾದ ಆಸ್ಕರ್-1 ಮೇಲೇರಿದ್ದು 1961ರ ಡಿಸೆಂಬರ್ 12ರಂದು. ಅದು ಮೋರ್ಸ್ ಸಂಕೇತದಲ್ಲಿ 'ಹಾಯ್' ಎನ್ನುತ್ತಿತ್ತು, ಅಷ್ಟೇ. ನಮ್ಮ ದೇಶದ ಸರದಿ ಬಂದದ್ದು 2005ರ ಮೇ 5ರಂದು. ಕಾರ್ಟೊಸ್ಯಾಟ್-1ರ ಜೊತೆಗೆ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಹೊತ್ತೊಯ್ದ ಹ್ಯಾಮ್‌ಸ್ಯಾಟ್ ತೂಗುತ್ತಿದ್ದುದು 42.5 ಕಿಲೊ. ಅದರೊಳಗಿನ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದನ್ನು ಭಾರತದ ಹ್ಯಾಮ್‌ಗಳು ಮಾಡಿದ್ದರು, ಇನ್ನೊಂದು ನೆದರ್ಲೆಂಡ್ಸ್‌ನ ವಿದ್ಯಾರ್ಥಿಯೊಬ್ಬನ ಕೈಕೆಲಸ. ಎರಡು ವರ್ಷ ಬಾಳಲೆಂದು ಕಟ್ಟಿದ್ದು 2014ರ ಜುಲೈವರೆಗೂ ದುಡಿಯಿತು. ಕೊನೆಗೆ ಬ್ಯಾಟರಿ ಕೈಕೊಟ್ಟಿತು.

ಆ ಮೇಲೂ ಕರ್ನಾಟಕದ ಕೈ ನಿಂತಿಲ್ಲ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತದಲ್ಲಿ ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ಕಾಲೇಜಿನವರು ಮಾಡಿದ ಹವ್ಯಾಸಿ ರೇಡಿಯೊ ಪೆಟ್ಟಿಗೆಯೊಂದಿತ್ತು. 2025ರ ಜುಲೈ 4ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲೇ ಮಾತಾಡಿದರು.

ನಾವು ಮೊದಲು ಗುರಿ ಇಡಬೇಕಾದದ್ದೂ ಆ ನಿಲ್ದಾಣಕ್ಕೇ. ಅದರಲ್ಲೊಂದು ಹ್ಯಾಮ್ ರಿಪೀಟರ್ ಇದೆ. ನೆಲದಿಂದ 145.990 ಮೆಗಾಹರ್ಟ್ಸ್‌ನಲ್ಲಿ, 67 ಹರ್ಟ್ಸ್ ಟೋನ್ ಸೇರಿಸಿ ನೀವು ಆಡಿದ ಮಾತನ್ನು ಅದು 437.800ರಲ್ಲಿ ಕೆಳಗೆ ಚೆಲ್ಲುತ್ತದೆ. ನಿಲ್ದಾಣ ಸುಮಾರು 420 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುತ್ತಲೂ 2,200 ಕಿಲೋಮೀಟರಿನಷ್ಟು ನೆಲ ಕಾಣುತ್ತದೆ, ಅಂದರೆ ಆ ವೃತ್ತದೊಳಗಿನ ಯಾರಿಗಾದರೂ ನಿಮ್ಮ ದನಿ ಕೇಳಬಹುದು. ಎರಡನೆಯ ಗುರಿ ಎಸ್‌ಒ-50 ಎಂಬ ಸಣ್ಣ ಉಪಗ್ರಹ. 2002ರ ಡಿಸೆಂಬರಿನಲ್ಲಿ ಹಾರಿದ್ದು. ಅದಕ್ಕೆ 145.850ರಲ್ಲಿ ಮಾತಾಡಿ 436.795ರಲ್ಲಿ ಕೇಳಬೇಕು. ಅದರ ದನಿ ಕ್ಷೀಣ, ಅದಕ್ಕಾಗಿ ಮುಗಿಬೀಳುವವರು ಹಲವರು, ಆದ್ದರಿಂದ ನಿಲ್ದಾಣದ ಮೇಲೆ ಕೈ ಪಳಗಿದ ಮೇಲೆ ಅದಕ್ಕೆ ಹೋಗುವುದು ಒಳ್ಳೆಯದು. ಉಪಗ್ರಹಗಳೂ ಮುಪ್ಪಾಗುತ್ತವೆ, ನಿಲ್ದಾಣದ ರಿಪೀಟರನ್ನೂ ಆಗಾಗ ಬೇರೆ ಕೆಲಸಕ್ಕೆ ಬಂದ್ ಮಾಡುತ್ತಾರೆ. ಹೊಲಕ್ಕೆ ಹೊರಡುವ ಮುಂಚೆ ಆ ದಿನದ ಸ್ಥಿತಿ ನೋಡಿಕೊಂಡು ಹೊರಡಿ.

ಮೊದಲು ಪರವಾನಗಿ

ಇದನ್ನು ಕೊನೆಗೆ ಸಣ್ಣ ಅಕ್ಷರದಲ್ಲಿ ಹೇಳುವ ರೂಢಿ. ನಾನು ಮೊದಲೇ ಹೇಳುತ್ತೇನೆ. ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ, ಪ್ರಸಾರ ಮಾಡುವ ಹ್ಯಾಂಡ್‌ಸೆಟ್ ಇಟ್ಟುಕೊಳ್ಳುವಂತೆಯೂ ಇಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಕಾಣಿಸಿತೆಂದು ವಾಕಿಟಾಕಿ ತರಿಸಬೇಡಿ.

ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸುತ್ತದೆ. ಅರ್ಜಿ ಹಾಕುವುದು ಸರಳ್ ಸಂಚಾರ್ ಜಾಲತಾಣದಲ್ಲಿ. ಹನ್ನೆರಡು ವರ್ಷ ತುಂಬಿದವರು ಕೂರಬಹುದು. ಕೆಳಗಿನ ದರ್ಜೆಗೆ ರೆಸ್ಟ್ರಿಕ್ಟೆಡ್ ಎನ್ನುತ್ತಾರೆ. ಅದರಲ್ಲಿ ರೇಡಿಯೊ ವಿಜ್ಞಾನ, ಕಾಯ್ದೆ ನಿಯಮ ಎರಡೂ ಸೇರಿ ಒಂದೇ ಪ್ರಶ್ನೆಪತ್ರಿಕೆ. ಮೋರ್ಸ್ ಬೇಕಿಲ್ಲ. ಮೇಲಿನ ಜನರಲ್ ದರ್ಜೆಗೆ ಮೋರ್ಸ್ ಕಲಿಯಬೇಕು. ಪಿಯುಸಿ ವಿಜ್ಞಾನ ಓದಿದ ಹುಡುಗರಿಗೆ ರೆಸ್ಟ್ರಿಕ್ಟೆಡ್ ಪಾಠ ಹೊರೆಯಲ್ಲ, ಓಮ್‌ನ ನಿಯಮ ನೆನಪಿದ್ದರೆ ಅರ್ಧ ದಾರಿ ಸವೆದಂತೆ. 1959ರಿಂದ ನಡೆಯುತ್ತಿರುವ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇದೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ. ತಯಾರಿಗೆ ಅಲ್ಲಿಯವರ ನೆರವು ಕೇಳಬಹುದು. ಪಾಸಾದ ಮೇಲೆ ನಿಮಗೊಂದು ಕರೆಸಂಕೇತ ಬರುತ್ತದೆ. ಪರವಾನಗಿಯಲ್ಲಿ ನಿಮಗೆ ಯಾವ ಬ್ಯಾಂಡ್, ಎಷ್ಟು ಶಕ್ತಿ ಎಂದು ಬರೆದಿರುವುದನ್ನು ಓದಿಕೊಳ್ಳಿ.

ಆ ಕಾಗದ ಕೈಗೆ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ಆಂಟೆನಾ ಕಟ್ಟಿ, ಯುಎಸ್‌ಬಿ ರೇಡಿಯೊ ಡಾಂಗಲ್ ಒಂದನ್ನು ಲ್ಯಾಪ್‌ಟಾಪಿಗೋ ಫೋನಿಗೋ ಚುಚ್ಚಿ ಕಿವಿಗೊಡಿ. ಈ ಡಾಂಗಲ್ ಪ್ರಸಾರ ಮಾಡುವುದಿಲ್ಲ. ಉಪಗ್ರಹ ಕೇಳುವುದನ್ನು ಕಲಿತವರು ಮಾತಾಡುವುದನ್ನು ಒಂದೇ ಸಂಜೆಯಲ್ಲಿ ಕಲಿಯುತ್ತಾರೆ. ತಿರುಗಾಮುರುಗಾ ಹೋದವರು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಕಂಡಿದ್ದೇನೆ.

ಮೀನಿನ ಮುಳ್ಳಿನ ಗುಟ್ಟು

ನಲವತ್ತು ದಾಟಿದವರಿಗೆ ಈ ಆಂಟೆನಾ ಹೊಸದಲ್ಲ. ರಾಮಾಯಣ, ಮಹಾಭಾರತದ ಕಾಲಕ್ಕೆ ಮಾಳಿಗೆಯ ಮೇಲೆ ಒಬ್ಬ ನಿಂತು ಪೈಪು ತಿರುವುತ್ತ 'ಬಂತಾ?' ಎನ್ನುತ್ತಿದ್ದ, ಕೆಳಗಿನಿಂದ 'ಇನ್ನ ಸ್ವಲ್ಪ, ಹಾಂ, ಹಾಂ, ಹೋತು' ಎಂಬ ಕೂಗು ಬರುತ್ತಿತ್ತಲ್ಲ, ಅದೇ ಮೀನಿನ ಮುಳ್ಳು. 1926ರಲ್ಲಿ ಜಪಾನಿನ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಪ್ರಕಟಿಸಿದ ವಿನ್ಯಾಸ. ಯಾಗಿ ಎಂಬ ಹೆಸರೇ ಉಳಿಯಿತು.

ಅದರ ಕಡ್ಡಿಗಳಲ್ಲಿ ಕೇಬಲ್ ತಾಗುವುದು ಒಂದಕ್ಕೆ ಮಾತ್ರ. ಅದರ ಹಿಂದೆ ಕೊಂಚ ಉದ್ದನೆಯದೊಂದು ಇರುತ್ತದೆ, ಅದು ರಿಫ್ಲೆಕ್ಟರ್. ಮುಂದೆ ಕೊಂಚ ಗಿಡ್ಡನೆಯವು, ಅವು ಡೈರೆಕ್ಟರುಗಳು. ಬರುವ ಅಲೆ ಎಲ್ಲ ಕಡ್ಡಿಗಳಲ್ಲೂ ಸಣ್ಣ ವಿದ್ಯುತ್ ಎಬ್ಬಿಸುತ್ತದೆ. ಉದ್ದದ ವ್ಯತ್ಯಾಸದಿಂದ ಒಂದೊಂದೂ ಒಂದಿಷ್ಟು ಹಿಂದೆ ಮುಂದೆ ಮಿಡಿಯುತ್ತದೆ, ಮುಂದಿನಿಂದ ಬಂದದ್ದು ಒಟ್ಟುಗೂಡಿ ಹಿಂದಿನಿಂದ ಬಂದದ್ದು ಕಳೆದುಹೋಗುತ್ತದೆ. ಎಲ್ಲ ಉದ್ದವೂ ಹುಟ್ಟುವುದು ತರಂಗಾಂತರದಿಂದ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗಾಂತರ ಮೀಟರಿನಲ್ಲಿ ಸಿಗುತ್ತದೆ. 437.8ಕ್ಕೆ ಅದು 68.5 ಸೆಂಟಿಮೀಟರ್, ಅದರರ್ಧ 34. ಕೆಳಗೆ 437ಕ್ಕೆ ಕೊಟ್ಟ ಕಡ್ಡಿಯ ಉದ್ದಗಳೆಲ್ಲ ಈ 34ರ ಆಸುಪಾಸಿನಲ್ಲೇ ಸುಳಿಯುವುದನ್ನು ಗಮನಿಸಿ. 146ಕ್ಕೆ ತರಂಗಾಂತರ 2.05 ಮೀಟರ್, ಅರ್ಧ ಸುಮಾರು 103 ಸೆಂಟಿಮೀಟರ್.

ಅಳತೆಗಳು ನನ್ನ ಬುದ್ಧಿಯಿಂದ ಹುಟ್ಟಿದವಲ್ಲ. ಅಮೆರಿಕದ ಹ್ಯಾಮ್‌ಗಳಾದ ಕೆಂಟ್ ಬ್ರಿಟನ್ ಮತ್ತು ಜೋ ಲೆಜಿಯೊ ರೂಪಿಸಿ, ಲೋಕದೆಲ್ಲೆಡೆ ಹವ್ಯಾಸಿಗಳು ಕಟ್ಟಿ ನೋಡಿದವು. ಮೊದಲನೆಯವರದು 437ರ ಕಡ್ಡಿಗಳು, ಎರಡನೆಯವರದು 146ರ ಅಳತೆ ಟೇಪು. ಎರಡನ್ನೂ ಒಂದೇ ಪಟ್ಟಿಗೆ ಅಡ್ಡಡ್ಡ ಹೊಂದಿಸುವುದು ನಮ್ಮ ಕೆಲಸ.

ಕಟ್ಟೋಣ

ಬಡಿಗೇರರ ಹತ್ತಿರ ಒಂದು ಮೀಟರ್ ಉದ್ದ, ಒಂದಿಂಚು ಚೌಕದ ಒಣ ಮರದ ಪಟ್ಟಿ ಮಾಡಿಸಿ. ಹಸಿ ಮರ ಬೇಡ, ನಮ್ಮ ಬ್ಯಾಸಗಿ ಬಿಸಿಲಿಗೆ ಸೊಟ್ಟಗಾಗುತ್ತದೆ. ಕಬ್ಬಿಣದ ಪಟ್ಟಿಯಂತೂ ಬೇಡವೇ ಬೇಡ, ಏಕೆಂದರೆ ಈ ಅಳತೆಗಳೆಲ್ಲ ವಿದ್ಯುತ್ ಹರಿಯದ ಮರಕ್ಕೆ ಲೆಕ್ಕ ಹಾಕಿದವು. 437ರ ಕಡ್ಡಿಗಳಿಗೆ 10 ಗೇಜಿನ ತಾಮ್ರದ ತಂತಿ, ಅಂದರೆ 3.2 ಮಿಲಿಮೀಟರ್ ದಪ್ಪದ್ದು. ವೆಲ್ಡಿಂಗ್ ಅಂಗಡಿಯ ಹಿತ್ತಾಳೆ ರಾಡ್ ಅದೇ ದಪ್ಪದ್ದು ಸಿಕ್ಕರೆ ಇನ್ನೂ ಒಳ್ಳೆಯದು, ನೆಟ್ಟಗೆ ನಿಲ್ಲುತ್ತದೆ. ಎರಡೂವರೆ ಮೀಟರ್ ಸಾಕು. 146ಕ್ಕೆ ಗೌಂಡಿಗಳು ಬಳಸುವ ಐದು ಮೀಟರಿನ ಉಕ್ಕಿನ ಟೇಪು, ಅಗಲ 25 ಮಿಲಿಮೀಟರಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸಪೂರ ಟೇಪು ಗಾಳಿಗೆ ಜೋತುಬೀಳುತ್ತದೆ.

ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಡಿಶ್ ಟಿವಿಯ ಕೇಬಲ್ 75 ಓಮ್‌ನದು. ಕೇಳುವುದಕ್ಕೆ ನಡೆದೀತು, ಮಾತಾಡಲು 50 ಓಮ್‌ನ ಆರ್‌ಜಿ-58 ಬೇಕು. ಒಂದೊಂದು ಆಂಟೆನಾಕ್ಕೆ ಒಂದೂವರೆ ಮೀಟರ್, ಅದಕ್ಕಿಂತ ಉದ್ದ ಬೇಡ. ಈ ಸಪೂರ ಕೇಬಲಿನಲ್ಲಿ 437ರ ಸಿಗ್ನಲ್ ಮೀಟರು ಮೀಟರಿಗೂ ಸೋರುತ್ತದೆ. ಕೇಬಲ್, ಎಸ್‌ಎಂಎ ಕನೆಕ್ಟರುಗಳು ಹತ್ತಿರದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕಾದೀತು.

ಪಟ್ಟಿಯ ಹಿಂದಿನ ತುದಿಯಿಂದ ಗುರುತು ಹಾಕುತ್ತ ಬನ್ನಿ. ಮೊದಲ ಇಪ್ಪತ್ತು ಸೆಂಟಿಮೀಟರ್ ಹಿಡಿಕೆಗೆ ಬಿಡಿ. 437ರ ಕಡ್ಡಿಗಳಿಗೆ ಪಟ್ಟಿಯ ಮೇಲಿಂದ ಕೆಳಕ್ಕೆ ತೂತು ಕೊರೆಯಬೇಕು: 35, 41.4, 49, 63.6, 79.5, 96 ಸೆಂಟಿಮೀಟರಿನ ಗುರುತುಗಳಲ್ಲಿ. 35ರಲ್ಲಿ ರಿಫ್ಲೆಕ್ಟರ್, ಉದ್ದ 34 ಸೆಂಟಿಮೀಟರ್. 41.4ರಲ್ಲಿ ಕೇಬಲ್ ತಾಗುವ ಕಡ್ಡಿ, ಅದರ ಕಥೆ ಆಮೇಲೆ. 49ರಲ್ಲಿ 31.5, 63.6 ಮತ್ತು 79.5ರಲ್ಲಿ 30.5, ತುದಿಯ 96ರಲ್ಲಿ 27.9 ಸೆಂಟಿಮೀಟರಿನ ಕಡ್ಡಿ. ತೂತಿನ ನಡುವೆ ಸರಿಯಾಗಿ ಕೂರಿಸಿ ಅಂಟು ಹಾಕಿ. ಎರಡು ಮಿಲಿಮೀಟರಿನ ತಪ್ಪು ಕೂಡ ಇಲ್ಲಿ ತಪ್ಪೇ. ಟೇಪಿನ ಆಂಟೆನಾದಲ್ಲಿ ಅಷ್ಟನ್ನು ನುಂಗಿಕೊಳ್ಳಬಹುದು.

ಕೇಬಲ್ ತಾಗುವ ಕಡ್ಡಿಯ ಆಕಾರ ಇಂಗ್ಲಿಷಿನ 'ಜೆ'ಗೆ ಹತ್ತಿರ. ಸುಮಾರು 51 ಸೆಂಟಿಮೀಟರ್ ತಂತಿ ತೆಗೆದುಕೊಂಡು, 33 ಸೆಂಟಿಮೀಟರ್ ಉದ್ದದ ಒಂದು ಕಾಲು ಬರುವಂತೆ ಬಗ್ಗಿಸಿ. ಉಳಿದದ್ದು ಒಂದೂಕಾಲು ಸೆಂಟಿಮೀಟರ್ ಅಂತರದಲ್ಲಿ ಹಿಂದಕ್ಕೆ ಮರಳಿ, ಉದ್ದ ಕಾಲಿನ ನಟ್ಟನಡುವಿಗೆ ಬಂದು ನಿಲ್ಲಬೇಕು. ಕೇಬಲಿನ ಹೊರ ಜಡೆಯನ್ನು ಉದ್ದ ಕಾಲಿನ ನಡುವಿಗೆ, ಒಳ ತಂತಿಯನ್ನು ಗಿಡ್ಡ ಕಾಲಿನ ತುದಿಗೆ ಬೆಸೆಯಿರಿ. ಇದು ಬಗ್ಗಿದ ಕಡ್ಡಿಯಾದ್ದರಿಂದ ಉದ್ದ ಕಾಲನ್ನು ತೂತಿನಲ್ಲಿ ತೂರಿಸಿ ಆಮೇಲೆ ಬಗ್ಗಿಸಬೇಕು. ಮೊದಲ ಸಲ ನಾನು ಬಗ್ಗಿಸಿಟ್ಟುಕೊಂಡು ತೂತಿನ ಮುಂದೆ ಕೂತಿದ್ದೆ, ಕಡ್ಡಿಯನ್ನು ಮತ್ತೆ ನೆಟ್ಟಗೆ ಮಾಡುವಷ್ಟರಲ್ಲಿ ಅದು ಸೀಳಿತು. ಹೊಸ ತಂತಿ ತರಬೇಕಾಯಿತು.

ಇನ್ನು ಟೇಪಿನ ಸರದಿ. ಇವು ಪಟ್ಟಿಯ ಮೇಲ್ಮೈ ಮೇಲೆ ಅಡ್ಡಲಾಗಿ ಮಲಗುತ್ತವೆ, ಹಾಗಾಗಿ ಮೇಲೆ ಕೆಳಗೆ ನಿಂತ 437ರ ಕಡ್ಡಿಗಳಿಗೆ ತಾನಾಗಿಯೇ ಅಡ್ಡವಾಗುತ್ತವೆ. ಇದು ಚೆಂದಕ್ಕಲ್ಲ. 146ರ ಮೂರು ಪಟ್ಟು 438. 146ಕ್ಕೆ ಮಿಡಿಯುವ ಕಡ್ಡಿ ಅದರ ಮೂರು ಪಟ್ಟಿಗೂ ಮಿಡಿಯುತ್ತದೆ, ಎರಡನ್ನೂ ಒಂದೇ ದಿಕ್ಕಿಗೆ ಕಟ್ಟಿದರೆ ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. 24ರ ಗುರುತಿನಲ್ಲಿ 105 ಸೆಂಟಿಮೀಟರಿನ ಟೇಪು, 76.1ರಲ್ಲಿ 89 ಸೆಂಟಿಮೀಟರಿನದು. ನಡುವೆ 44.3ರಲ್ಲಿ ತಲಾ 45 ಸೆಂಟಿಮೀಟರಿನ ಎರಡು ತುಂಡು, ಮಧ್ಯೆ ಎರಡೂವರೆ ಸೆಂಟಿಮೀಟರ್ ತೆರಪು. ಒಂದಿಂಚಿನ ಪಟ್ಟಿಯ ಮೇಲೆ ಇವೆರಡು ನಿಲ್ಲುವುದಿಲ್ಲ, ಅಡಿಯಲ್ಲಿ ಒಂದು ಗೇಣಿನ ಅಡ್ಡಪಟ್ಟಿ ಕೊಟ್ಟು ಸಣ್ಣ ಸ್ಕ್ರೂ ಹಾಕಿ ಬಿಗಿಯಿರಿ. ತೆರಪಿನ ಎರಡು ಕಡೆಗೂ ಕೇಬಲಿನ ಒಂದೊಂದು ಎಳೆ. ಜೊತೆಗೆ 12.7 ಸೆಂಟಿಮೀಟರ್ ಉದ್ದದ ತಂತಿಯನ್ನು ಕೂದಲ ಪಿನ್ನಿನಂತೆ ಬಗ್ಗಿಸಿ ಅದೇ ಎರಡು ಜಾಗಕ್ಕೆ ಬೆಸೆಯಬೇಕು. ಆಂಟೆನಾವನ್ನು 50 ಓಮ್‌ಗೆ ಹೊಂದಿಸುವುದು ಈ ಪಿನ್ನು.

ಟೇಪಿನ ಮೇಲಿನ ಬಣ್ಣವನ್ನು ಉಪ್ಪುಕಾಗದದಿಂದ ಪೂರ್ತಿ ಕೆರೆದು, ಫ್ಲಕ್ಸ್ ಹಚ್ಚಿ, ಮೊದಲು ತವರದ ತೆಳು ಪದರ ಹಿಡಿಸಿಕೊಳ್ಳಿ. ಉಕ್ಕು ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಆದ್ದರಿಂದ 60 ವಾಟ್‌ನ ಸೋಲ್ಡರಿಂಗ್ ಐರನ್ ಬೇಕು. 25 ವಾಟ್‌ನದರಲ್ಲಿ ತವರ ಮುದ್ದೆಯಾಗಿ ಮೇಲೆ ಕೂರುತ್ತದೆ, ಹಿಡಿಯುವುದಿಲ್ಲ. ಟೇಪಿನ ಕತ್ತರಿಸಿದ ತುದಿ ಬ್ಲೇಡಿನಷ್ಟೇ ಹರಿತ. ದುಂಡಗೆ ಕತ್ತರಿಸಿ ಇನ್ಸುಲೇಷನ್ ಟೇಪು ಸುತ್ತಿ. ಪಕ್ಕದಲ್ಲಿ ನಿಂತ ಮಕ್ಕಳ ಕಣ್ಣಿನೆತ್ತರಕ್ಕೇ ಅದು ಬರುತ್ತದೆ, ನೆನಪಿರಲಿ.

ಮಲ್ಟಿಮೀಟರ್ ಇಟ್ಟು ನೋಡಿದವರು ಇಲ್ಲಿ ಗಾಬರಿಯಾಗುತ್ತಾರೆ. ಎರಡೂ ಆಂಟೆನಾಗಳಲ್ಲಿ ಒಳ ತಂತಿ, ಹೊರ ಜಡೆ ಒಂದಕ್ಕೊಂದು ತಾಗಿದಂತೆ ಮೀಟರ್ ಪೀಪ್ ಎನ್ನುತ್ತದೆ. ಅದು ಸರಿಯೇ. ಬ್ಯಾಟರಿಯ ನೇರ ವಿದ್ಯುತ್ತಿಗೆ ಆ ಪಿನ್ನು, ಆ ಬಾಗು ಬರೀ ತಂತಿ. 146, 437 ಮೆಗಾಹರ್ಟ್ಸ್‌ಗೆ ಅವು ಬೇರೆಯೇ. ನಿಜವಾದ ಪರೀಕ್ಷೆಗೆ ನ್ಯಾನೊ ವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಬೇಕು. ಊರಿಗೊಂದು, ಕಾಲೇಜಿಗೊಂದು ಇದ್ದರೆ ಎಲ್ಲರಿಗೂ ಸಾಕು. ಆಂಟೆನಾದಿಂದ ಎಷ್ಟು ಶಕ್ತಿ ಮರಳುತ್ತದೆಂದು ಹೇಳುವ ಎಸ್‌ಡಬ್ಲ್ಯುಆರ್ 145.990ರಲ್ಲೂ 437.8ರಲ್ಲೂ 2ಕ್ಕಿಂತ ಕೆಳಗಿದ್ದರೆ ಕೈಬಿಡಿ, 1.1ಕ್ಕೆ ಇಳಿಸುತ್ತೇನೆಂದು ರಾತ್ರಿ ಕಳೆಯಬೇಡಿ. ಹೆಚ್ಚಿದ್ದರೆ 146ಕ್ಕೆ ಪಿನ್ನಿನ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ, 437ಕ್ಕೆ ಉದ್ದ ಕಾಲಿನ ಬಿಡಿ ತುದಿಯನ್ನು ಅಕ್ಕಿಕಾಳಿನಷ್ಟೇ ಅಷ್ಟಷ್ಟು ಕತ್ತರಿಸುತ್ತ ಬನ್ನಿ.

ಹುಣಸಗಿಯ ಪಕ್ಕದ ಇಸಾಂಪುರದಲ್ಲಿ ಸುಮಾರು ಹನ್ನೆರಡು ಲಕ್ಷ ವರ್ಷ ಹಿಂದಿನ ಮನುಷ್ಯರು ಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಸಲಕರಣೆ ಕಟ್ಟುತ್ತ ಕೂತಾಗ ಅದು ನನಗೆ ನೆನಪಾಗದೆ ಇರುವುದಿಲ್ಲ.

ಹೊಲದಲ್ಲಿ ಹತ್ತು ನಿಮಿಷ

ಎಲ್ಲಿ ನಿಲ್ಲಬೇಕು? ಅಣೆಕಟ್ಟೆಯ ಮೇಲಂತೂ ಅಲ್ಲ. ಅದು ಕಾವಲಿರುವ ಜಾಗ, ಅಲ್ಲಿ ಇಂಥ ಸಲಕರಣೆ ಹಿಡಿದು ನಿಲ್ಲುವುದು ಸಲ್ಲ. ನಿಮ್ಮದೇ ಹೊಲ, ಶಾಲೆಯ ಮೈದಾನ, ಊರಾಚೆಯ ದಿಬ್ಬ ಸಾಕು. ಪಂಪ್‌ಸೆಟ್ಟಿನ ವಿದ್ಯುತ್ ತಂತಿ ತಲೆಯ ಮೇಲೆ ಹಾದಿರಬಾರದು. ಪರವಾನಗಿಯ ಪ್ರತಿ ಜೇಬಿನಲ್ಲಿರಲಿ. ಗುಡುಗು ಕೇಳಿಸಿತೆಂದರೆ ಆಂಟೆನಾ ಕೆಳಗಿಟ್ಟು ಮನೆಗೆ ಹೊರಡಿ, ಮಿಂಚು ದೂರವಿದೆ ಎಂದು ಲೆಕ್ಕ ಹಾಕುತ್ತ ನಿಲ್ಲಬೇಡಿ. ಬಯಲಿನಲ್ಲಿ ಎತ್ತರವಾಗಿ ಕಾಣುವುದು ನೀವೇ.

ನಿಲ್ದಾಣ ಯಾವಾಗ ಬರುತ್ತದೆ ಎನ್ನುವುದನ್ನು ಲುಕ್‌ಫಾರ್‌ಸ್ಯಾಟ್‌ನಂಥ ಆ್ಯಪ್ ಹೇಳುತ್ತದೆ. ಒಮ್ಮೆ ಕಕ್ಷೆಯ ವಿವರ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಲೆಕ್ಕ ಕೊಡುತ್ತದೆ. ಹಲವು ದಿನ ಹಳೆಯದಾದರೆ ಮತ್ತೆ ಇಳಿಸಿಕೊಳ್ಳಿ. ನಿಲ್ದಾಣ ದಿನಕ್ಕೆ ಹಲವು ಸಲ ನಮ್ಮ ದಿಗಂತದ ಮೇಲೆ ಏಳುತ್ತದೆ, ಆದರೆ 30 ಡಿಗ್ರಿಗಿಂತ ಎತ್ತರಕ್ಕೆ ಬರುವುದು ಕೆಲವೇ ಸಲ. ಹೊಸಬರು ಅವನ್ನೇ ಆರಿಸಿಕೊಳ್ಳಿ. ಅಂಥ ಸಲ ಅದು ಏಳುವುದು ಪಡುವಣ ಮಗ್ಗುಲಿಗೆ, ವಾಯವ್ಯಕ್ಕೋ ನೈಋತ್ಯಕ್ಕೋ. ಮುಳುಗುವುದು ಮೂಡಣಕ್ಕೆ. ನಾರಾಯಣಪುರದವರಿಗೆ ಅದು ಹಿನ್ನೀರಿನ ಕಡೆಯಿಂದ ಬಂದು ಗದ್ದೆಗಳ ಕಡೆ ಇಳಿಯುತ್ತದೆ. ದಿಗಂತದಲ್ಲಿದ್ದಾಗ ಅದರ ದೂರ 2,300 ಕಿಲೋಮೀಟರಿಗೂ ಹೆಚ್ಚು, ನೆತ್ತಿಯ ಮೇಲೆ ಬಂದಾಗ 420. ಅಂದರೆ ನೆತ್ತಿಯಲ್ಲಿ ಸಿಗ್ನಲ್ ಸುಮಾರು ಮೂವತ್ತು ಪಟ್ಟು ಬಲವಾಗುತ್ತದೆ. ಇಡೀ ಪಯಣ ಹತ್ತು ನಿಮಿಷ.

ಒಂದೇ ಹ್ಯಾಂಡ್‌ಸೆಟ್ಟಿಗೆ ಎರಡೂ ಆಂಟೆನಾ ಜೋಡಿಸಲು ಡಿಪ್ಲೆಕ್ಸರ್ ಎಂಬ ಪೆಟ್ಟಿಗೆ ಬೇಕಾಗುತ್ತದೆ. ನನ್ನ ಸಲಹೆ ಬೇರೆ: ಕೇಳುವುದಕ್ಕೆ ಡಾಂಗಲ್ಲೋ ಇನ್ನೊಂದು ಸೆಟ್ಟೋ ಇರಲಿ, ಮಾತಾಡುವುದಕ್ಕೆ ಒಂದು. 5 ವಾಟ್ ಸಾಕು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ನೀವು ಮಾತಾಡುತ್ತಿರುವಾಗಲೇ ನಿಮ್ಮ ದನಿ ಮೇಲಿಂದ ಮರಳಿ ಬರುವುದು ಕೇಳುತ್ತದೆ. ನನಗೆ ಅದು ಮೊದಲ ಸಲ ಕೇಳಿದಾಗ ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

ಡಾಪ್ಲರ್ ಗೊತ್ತಿರಬೇಕು. ಸಿಳ್ಳು ಹಾಕುತ್ತ ಯಾದಗಿರಿ ಸ್ಟೇಷನ್ ದಾಟುವ ರೈಲಿನ ದನಿ ಬರುವಾಗ ಏರಿ, ಹೋಗುವಾಗ ಇಳಿಯುತ್ತದಲ್ಲ, ಅದೇ ಇಲ್ಲೂ ಆಗುತ್ತದೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮೀರಿದ ವೇಗದ ನಿಲ್ದಾಣದ 437.800 ಮೊದಲು 437.810ರಲ್ಲಿ ಕೇಳುತ್ತದೆ. ಹತ್ತಿರ ಬರುತ್ತ .805, ನೆತ್ತಿಯಲ್ಲಿ .800, ದೂರವಾಗುತ್ತ .795, ಕೊನೆಗೆ .790. ಈ ಐದನ್ನೂ ಸೆಟ್ಟಿನಲ್ಲಿ ಐದು ಚಾನಲ್ ಮಾಡಿಟ್ಟುಕೊಳ್ಳಿ, ದನಿ ಒರಟಾದಂತೆ ಒಂದೊಂದೇ ಕೆಳಗಿಳಿಯಿರಿ. ಮಾತಾಡುವ 145.990ನ್ನು ಮುಟ್ಟಬೇಕಿಲ್ಲ, ಅಲ್ಲಿ ವ್ಯತ್ಯಾಸ ಮೂರೇ ಕಿಲೋಹರ್ಟ್ಸ್.

ಇನ್ನು ಮಣಿಕಟ್ಟು. ದಿಕ್ಕು ಸರಿಯಿದ್ದೂ ಸಿಗ್ನಲ್ ಹಠಾತ್ತನೆ ಕುಗ್ಗಿದರೆ ಆಂಟೆನಾವನ್ನು ಬೇರೆ ಕಡೆ ಹೊರಳಿಸಬೇಡಿ. ಇದ್ದಲ್ಲೇ, ಕೀಲಿ ತಿರುವಿದಂತೆ ಕಾಲು ಸುತ್ತು ತಿರುವಿ. ಅಲೆ ಆಡುವ ದಿಕ್ಕಿಗೆ ನಿಮ್ಮ ಕಡ್ಡಿ ಅಡ್ಡವಾದಾಗ ಹೀಗಾಗುತ್ತದೆ. ಕೈಯಲ್ಲಿ ಹಿಡಿಯುವ ಆಂಟೆನಾ ಕಂಬಕ್ಕೆ ಕಟ್ಟಿದ್ದಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ ಕಾರಣಕ್ಕೆ. ಇದು ಓದಿ ಬರುವುದಲ್ಲ, ನಾಲ್ಕು ಸಂಜೆಗೆ ಕೈಗೇ ತಿಳಿಯುತ್ತದೆ.

ನಿಮಗೆ ಕೇಳದಿದ್ದರೆ ಮಾತಾಡಬೇಡಿ. ಇಡೀ ಉಪಖಂಡದವರು ಒಂದೇ ದಾರಿಯಲ್ಲಿ ಸಾಲು ನಿಂತಿರುತ್ತಾರೆ, ಕುರುಡಾಗಿ ಒತ್ತಿದ ಬಟನ್ ಇನ್ನೊಬ್ಬರ ಮಾತನ್ನು ತುಳಿಯುತ್ತದೆ. ತೆರಪು ಕಂಡಾಗ ನಿಮ್ಮ ಕರೆಸಂಕೇತ, ಅದರ ಹಿಂದೆಯೇ ನಿಮ್ಮ ಚೌಕ, ಅಷ್ಟೇ ಹೇಳಿ ಬಿಡಿ. ಚೌಕವೆಂದರೆ ಭೂಮಿಯನ್ನು ಹ್ಯಾಮ್‌ಗಳು ಹಂಚಿಕೊಂಡ ಲೆಕ್ಕ. ಬೆಂಗಳೂರು ಎಂಕೆ82. 16ರಿಂದ 17 ಅಕ್ಷಾಂಶ, 76ರಿಂದ 78 ರೇಖಾಂಶದ ನಡುವಿನ ನಮ್ಮದು ಎಂಕೆ86. ನಾರಾಯಣಪುರ, ಸುರಪುರ, ಶಹಾಪುರ, ಯಾದಗಿರಿ, ಹೊಳೆಯಾಚೆಯ ರಾಯಚೂರು ಎಲ್ಲ ಒಂದೇ ಚೌಕ. ಚೌಕ ಕೂಡಿಹಾಕುವ ಹುಚ್ಚು ಇರುವ ಹ್ಯಾಮ್‌ಗಳು ಎಲ್ಲ ಕಡೆ ಇದ್ದಾರೆ, ಹೊಸ ಚೌಕ ಕೇಳಿದರೆ ಅವರೇ ನಿಮ್ಮನ್ನು ಕರೆಯುತ್ತಾರೆ.

ಮಾತು ಬೇಡ, ಚಿತ್ರ ಸಾಕು ಎನ್ನುವ ಶಾಲಾ ಮಕ್ಕಳಿಗೆ ಇನ್ನೊಂದು ದಾರಿಯಿದೆ. ನಿಲ್ದಾಣ ವರ್ಷದಲ್ಲಿ ಕೆಲವು ದಿನ 145.800ರಲ್ಲಿ ಚಿತ್ರಗಳನ್ನು ದನಿಯಾಗಿ ಕಳಿಸುತ್ತದೆ. ಟೇಪಿನ ಆಂಟೆನಾ ಹಿಡಿದು, ಸ್ಪೀಕರಿನ ಮುಂದೆ ಫೋನಿನಲ್ಲಿ ರೋಬೊಟ್36 ಆ್ಯಪ್ ತೆರೆದಿಟ್ಟರೆ ಎರಡು ನಿಮಿಷದಲ್ಲಿ ಗೆರೆಗೆರೆಯಾಗಿ ಚಿತ್ರ ಮೂಡುತ್ತದೆ. ಹಾದಿಯಲ್ಲಿ ಹೋಗುವವರು ನಿಲ್ಲುತ್ತಾರೆ. 'ಇದೇನ್ರಿ ಸರಾ, ಯಾವ ಚಾನಲ್ ಬರ್ತಾವ್ರಿ ಇದ್ರಾಗ?' ಎಂದು ಒಬ್ಬ ಹಿರಿಯರು ಕೇಳಿದಾಗ ಇಯರ್‌ಫೋನಿನ ಒಂದು ತುದಿಯನ್ನು ಅವರ ಕಿವಿಗೆ ಕೊಟ್ಟೆ. ಮೇಲೆ ಕೈ ತೋರಿಸಿ 'ಅಲ್ಲಿಂದೇನ್ರಿ?' ಎಂದರು. ಹೌದೆಂದೆ. ದನಿ ಅಡಗುವವರೆಗೂ ಅವರು ಅಲುಗಲಿಲ್ಲ.

ಹೊಳೆ ಬಂದಾಗ

ಪ್ರವಾಹದಲ್ಲಿ ಉಪಗ್ರಹ ರೇಡಿಯೊ ಕಾಪಾಡುತ್ತದೆ ಎಂದು ಬರೆಯುವವರಿದ್ದಾರೆ. ನಾನು ಹಾಗೆ ಹೇಳಲಾರೆ. ದಿನಕ್ಕೆ ಕೆಲವೇ ಸಲ, ಹತ್ತತ್ತು ನಿಮಿಷ ಸಿಗುವ ದಾರಿಯನ್ನು ನೆಚ್ಚಿ ಕೂರಲಾಗದು. ಆದರೆ ಇದೇ ಟೇಪಿನ ಆಂಟೆನಾವನ್ನು ಆಕಾಶದಿಂದ ಇಳಿಸಿ ಹೊಳೆಯಾಚೆಗೆ ತಿರುಗಿಸಿದರೆ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯುಸೆಕ್ ನೀರು ಬಿಟ್ಟಾಗ ಕೃಷ್ಣೆ ಎರಡೂ ದಂಡೆಗಳನ್ನು ಬೇರ್ಪಡಿಸಿದ್ದನ್ನು ಈ ಸೀಮೆ ಮರೆತಿಲ್ಲ. ಹೊಳೆ ಏರಿದರೆ ಆಚೆ ಶೀಲಹಳ್ಳಿ ಸೇತುವೆ ಮುಳುಗಿ ಕಡದರಗಡ್ಡಿ, ಯಳಗುಂದಿ, ಹಂಚಿನಾಳದವರ ದಾರಿ ಕಡಿಯುತ್ತದೆ. ಈಚೆ ನೀಲಕಂಠರಾಯನಗಡ್ಡಿಯವರು ಒಣ ಸೋರೆಬುರುಡೆ ಕಟ್ಟಿಕೊಂಡು ಹೊಳೆ ಈಜಿದ ಕಾಲವೂ ಇತ್ತು. ಮೊಬೈಲ್ ಟವರಿಗೆ ಕರೆಂಟ್ ಇಲ್ಲದ ದಿನ, ಹೊಳೆ ನಡುವಿನ ಗಡ್ಡಿಯಲ್ಲೊಬ್ಬ ಪರವಾನಗಿ ಇರುವ ಹ್ಯಾಮ್, ಹುಣಸಗಿಯಲ್ಲೋ ಲಿಂಗಸುಗೂರಿನಲ್ಲೋ ಇನ್ನೊಬ್ಬ, ಇಬ್ಬರ ಕೈಯಲ್ಲೂ ಇಂಥದೊಂದು ಆಂಟೆನಾ ಇದ್ದರೆ ನಡುವೆ ಯಾವ ಟವರೂ ಬೇಕಿಲ್ಲ. ಔಷಧ ಬೇಕು, ದೋಣಿ ಬೇಕು ಎಂದು ಹೇಳಲು 5 ವಾಟ್ ಸಾಕು. ಉಪಗ್ರಹದ ಹಿಂದೆ ಓಡಿ ಪಳಗಿದ ಕೈಗೆ ಅಲುಗದ ಹಳ್ಳಿಯೊಂದಕ್ಕೆ ಗುರಿ ಇಡುವುದು ಎಷ್ಟರ ಮಾತು! ಒಂದೊಂದು ಗಡ್ಡಿಗೆ ಒಬ್ಬರಾದರೂ ಈ ಪರೀಕ್ಷೆಗೆ ಕೂರಲಿ ಎನ್ನುವುದು ನನ್ನ ಆಸೆ.

ಮಾತು ಮುಗಿದ ಕೂಡಲೇ ಪುಸ್ತಕದಲ್ಲಿ ಬರೆದುಕೊಳ್ಳಿ: ತಾರೀಖು, ಯುಟಿಸಿ ಸಮಯ, ಅಂದರೆ ನಮ್ಮ ಗಡಿಯಾರದಲ್ಲಿ ಐದೂವರೆ ತಾಸು ಕಳೆದದ್ದು, ಯಾವ ಉಪಗ್ರಹ, ಆ ಕಡೆಯವರ ಕರೆಸಂಕೇತ, ಚೌಕ. ಕತ್ತಲಲ್ಲಿ ಬರೆಯಲಾಗದವರು ಫೋನಿನಲ್ಲಿ ದನಿ ಮುದ್ರಿಸಿಕೊಂಡು ಆಮೇಲೆ ಬರೆಯುತ್ತಾರೆ. ಟೇಪಿನ ಕೈಗಳನ್ನು ಪಟ್ಟಿಯ ಉದ್ದಕ್ಕೆ ಮಡಚಿ ಹಳೆಯ ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿದರೆ ಬೈಕಿನ ಮೇಲೆ ಒಯ್ಯಬಹುದು. ಆದರೆ ಈಗಲೇ ಮಡಚಬೇಡಿ. ಒಂದೂವರೆ ತಾಸಿಗೆ ನಿಲ್ದಾಣ ಮತ್ತೊಂದು ಸುತ್ತು ಬರುತ್ತದೆ. ಅಷ್ಟರಲ್ಲಿ ಭೂಮಿ ತಿರುಗಿರುವುದರಿಂದ ಅದರ ದಾರಿ ಸುಮಾರು 2,400 ಕಿಲೋಮೀಟರ್ ಪಡುವಣಕ್ಕೆ, ಅರಬ್ಬಿ ಸಮುದ್ರದ ಮೇಲಕ್ಕೆ ಸರಿದಿರುತ್ತದೆ. ಈ ಸಲ ನೆತ್ತಿಗೆ ಬಂದದ್ದು ಮುಂದಿನ ಸಲ ದಿಗಂತದಿಂದ ನಾಲ್ಕೈದು ಡಿಗ್ರಿ ಮೇಲೇಳುವುದೇ ಹೆಚ್ಚು. ಊರೊಳಗಿನ ಬೇವಿನ ಮರ ಕೂಡ ಅದನ್ನು ಮರೆಮಾಡೀತು. ಅದನ್ನು ಹಿಡಿಯಲು ಹಿನ್ನೀರು ಎದುರಿಗೆ ಬಯಲಾಗಿ ಕಾಣುವ ದಂಡೆಗೇ ಹೋಗಬೇಕು.